ತೆಂಗಿನ ಮರಕ್ಕೆ ಒರಗಿದ ಕಿಟಕಿ

ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಬೀದಿ ಇನ್ನೂ ಕಣ್ಣು ಬಿಟ್ಟಿಲ್ಲ. ಹುಲ್ಲಿನ ಮೇಲೆ ಇಬ್ಬನಿ, ತಂತಿಯ ಮೇಲೆ ಒಂದು ಮ್ಯಾಗ್‌ಪೈ ಹಕ್ಕಿ ಗಂಟಲು ಸರಿಮಾಡಿಕೊಳ್ಳುತ್ತಿದೆ. ಲಿಗಾಯಾ ದಿಮಾಕುಲಾಂಗನ್ ತಮ್ಮ ಹಳೆಯ ಬಿಳಿ ಕಾರನ್ನು ಬೇಲಿಯ ಪಕ್ಕ ನಿಲ್ಲಿಸಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನೇರ ಬಚ್ಚಲಿಗೆ ಹೋಗಿ ಬಿಸಿನೀರಿನಲ್ಲಿ ಕೈ ತೊಳೆಯುತ್ತಾರೆ. ತೊಳೆದ ಕೈಗಳನ್ನು ಒಂದಕ್ಕೊಂದು ಉಜ್ಜಿ ಇನ್ನಷ್ಟು ಬೆಚ್ಚಗೆ ಮಾಡಿಕೊಳ್ಳುತ್ತಾರೆ. ತಣ್ಣನೆಯ ಕೈಯಿಂದ ಯಾರನ್ನೂ ಎಬ್ಬಿಸಬಾರದು ಎಂಬುದು ಹಿರಿಯರನ್ನು ನೋಡಿಕೊಳ್ಳುವ ಅವರ ಕೆಲಸದ ಮೊದಲ ನೇಮ. ಆಮೇಲೆ ಹಿತ್ತಲ ಕಡೆಯ ಕೋಣೆಗೆ ಹೋಗಿ ಮೆಲ್ಲಗೆ ಪರದೆ ಸರಿಸುತ್ತಾರೆ.

"ಅಜ್ಜಿ, ಬೆಳಗಾಯ್ತು," ಎನ್ನುತ್ತಾರೆ, ಅಚ್ಚ ಕನ್ನಡದಲ್ಲಿ.

ಹಾಸಿಗೆಯಲ್ಲಿರುವ ಅಹಲ್ಯಾ ಕುಂದಾಪುರದ ಕಡೆಯವರು. ಮಗಳು, ಅಳಿಯನ ಜೊತೆ ಸಿಡ್ನಿಯಲ್ಲಿ ನೆಲೆಸಿ ಬಹಳ ಕಾಲವಾಯಿತು. ಎಂಬತ್ತು ದಾಟಿದೆ, ಕಳೆದ ಬೇಸಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ಕಣ್ಣು ಪೂರ್ತಿ ತೆರೆಯುವ ಮೊದಲೇ ಅವರ ಪ್ರಶ್ನೆ ಸಿದ್ಧವಾಗಿರುತ್ತದೆ.

"ನಿನ್ನ ಮನೆ ಎಲ್ಲಿಗೆ ಬಂತು, ಲಿಗಮ್ಮ?"

"ಗೋಡೆ ಆಯ್ತು ಅಜ್ಜಿ. ಕಿಟಕಿ ಇಲ್ಲ."

"ಇನ್ನೂ ಇಲ್ವಾ? ಎಂತ ಮಾರಾಯ್ತಿ, ಆ ಕಿಟಕಿ ಎಂತ ಮದುಮಗಳಾ? ಹೊರಡ್ಲಿಕ್ಕೆ ಇಷ್ಟು ಹೊತ್ತಾ?"

ಲಿಗಾಯಾ ನಗುತ್ತಲೇ ಅಜ್ಜಿಯ ಬೆನ್ನ ಹಿಂದೆ ಕೈ ಕೊಟ್ಟು ಎಬ್ಬಿಸಿ ಕೂರಿಸುತ್ತಾರೆ. ಇಬ್ಬರ ನಡುವೆ ಓಡುವುದು ಅರ್ಧ ಇಂಗ್ಲಿಷ್, ಕಾಲು ಕನ್ನಡ, ಉಳಿದದ್ದು ಕೈಸನ್ನೆ. ಅಷ್ಟರಲ್ಲೇ ಒಂದು ಮನೆ ಕಟ್ಟುವಷ್ಟು ಮಾತು ಸಾಗುತ್ತದೆ.

ಆ ಮನೆ ಇರುವುದು ಸಿಡ್ನಿಯಲ್ಲಲ್ಲ. ಫಿಲಿಪೀನ್ಸ್‌ನ ಬಟಾಂಗಾಸ್ ಪ್ರಾಂತ್ಯದಲ್ಲಿ, ಮೀನುಗಾರರ ಒಂದು ಸಣ್ಣ ಹಳ್ಳಿಯಲ್ಲಿ, ಹಿಂದೆ ಸಮುದ್ರ ಮುಂದೆ ರಸ್ತೆ ಇರುವ ಒಂದು ತುಂಡು ಮರಳು ನೆಲದಲ್ಲಿ. ಅರವತ್ತು ದಾಟಿದ ಲಿಗಾಯಾ ಮತ್ತು ಮೆಲ್ಬರ್ನ್‌ನ ಸನ್‌ಶೈನ್ ಸಬರ್ಬ್‌ನಲ್ಲಿರುವ ಅವರ ಅಕ್ಕ ಪೂರಿಂಗ್, ಇಬ್ಬರೂ ಸೇರಿ ಕಟ್ಟಿಸುತ್ತಿರುವ ಮನೆ. ಕೆಲಸ ಸಾಕು ಎನಿಸಿದ ದಿನ ಹೋಗಿ ಕೂರಲು. ಅಕ್ಕನನ್ನು ಅವರ ಭಾಷೆಯಲ್ಲಿ 'ಆತೆ' ಎನ್ನುತ್ತಾರೆ. ಆತೆ ಪೂರಿಂಗ್ ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾರೆ, ಬಿಳಿ ಹಾಸುಗಳನ್ನು ಮಡಿಸುತ್ತಾರೆ. ತಂಗಿ ಸಿಡ್ನಿಯಲ್ಲಿ ಮುದುಕರ ಹಾಸಿಗೆಗೆ ಅಂಥ ಹಾಸುಗಳನ್ನು ಹಾಸುತ್ತಾರೆ.

ಬೆಳಗ್ಗೆ ಮನೆ ಮನೆ, ಸಂಜೆ ಒಂದು ನರ್ಸಿಂಗ್ ಹೋಮ್‌ನಲ್ಲಿ ಶಿಫ್ಟು. "ಎಬ್ಬಿಸೋದು, ಸ್ನಾನ ಮಾಡಿಸೋದು, ಉಣಿಸೋದು, ಮತ್ತೆ ಮಲಗಿಸೋದು. ಮಧ್ಯದಲ್ಲಿ ಕೇಳಿಸ್ಕೊಳ್ಳೋದು. ಜಾಸ್ತಿ ಕಷ್ಟ ಕೇಳಿಸ್ಕೊಳ್ಳೋದೇ," ಎನ್ನುತ್ತಾರೆ ಲಿಗಾಯಾ. ಎಷ್ಟೋ ಮನೆಗಳ ಹುಟ್ಟುಹಬ್ಬದ ಫೋಟೊಗಳಲ್ಲಿ ಕೇಕಿನ ಹಿಂದೆ, ಗಾಲಿಕುರ್ಚಿಯ ಹಿಡಿಕೆಯ ಮೇಲೆ ಒಂದು ಕೈ ಕಾಣುತ್ತದೆ. ಮಣಿಕಟ್ಟಿನಿಂದ ಆಚೆಗೆ ಫೋಟೊ ಮುಗಿದಿರುತ್ತದೆ. ಆ ಕೈ ಇವರದ್ದು.

ಹತ್ತಿರದ ಬ್ಲ್ಯಾಕ್‌ಟೌನ್‌ನಲ್ಲಿ ಅವರು ಬಾಡಿಗೆಗೆ ಹಿಡಿದಿರುವ ಕೋಣೆಯ ಮೂಲೆಯಲ್ಲಿ ಯಾವಾಗಲೂ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಾಯಿ ತೆರೆದು ಕೂತಿರುತ್ತದೆ. ಹೊರದೇಶದಲ್ಲಿ ದುಡಿಯುವ ಫಿಲಿಪಿನೊಗಳ ಮನೆಯಲ್ಲಿ ಇಂಥದ್ದೊಂದು ಪೆಟ್ಟಿಗೆ ಇರುವುದು ವಾಡಿಕೆ. ಸಿಕ್ಕಿದ್ದನ್ನು ಸಿಕ್ಕಾಗ ತುಂಬುತ್ತಾ ಹೋಗಿ, ತುಂಬಿದ ಮೇಲೆ ಹಡಗಿಗೆ ಹಾಕುತ್ತಾರೆ. ಉಳಿದವರ ಪೆಟ್ಟಿಗೆಯಲ್ಲಿ ಚಾಕೊಲೇಟು, ಸೋಪು, ಬೂಟುಗಳಿದ್ದರೆ ಲಿಗಾಯಾ ಅವರ ಪೆಟ್ಟಿಗೆಯಲ್ಲಿ ಮನೆ ಇರುತ್ತದೆ. ಸ್ನಾನದ ಟವೆಲಿನಲ್ಲಿ ಸುತ್ತಿದ ಬಾಗಿಲ ಹಿಡಿಕೆಗಳು. ಕಾಲುಚೀಲದೊಳಗೆ ನಲ್ಲಿಗಳು. ರೈಸ್ ಕುಕ್ಕರಿನ ಹೊಟ್ಟೆಯಲ್ಲಿ ಲೈಟಿನ ಸ್ವಿಚ್ಚುಗಳು. ಸಂದಿಗೊಂದಿಗಳಲ್ಲಿ ಊರಿನವರಿಗೆಂದು ಕಾಫಿ ಪುಡಿ.

"ಕಣ್ಣು ಮುಚ್ಚಿದ್ರೆ ಒಂದೊಂದ್ಸಲ ಕಾಣುತ್ತೆ," ಎನ್ನುತ್ತಾರೆ. "ನಮ್ಮ ಮನೆ ನೀರಿನ ಮೇಲೆ ತೇಲ್ತಾ ಇದೆ. ಹಿಡಿಕೆ ಒಂದು ಕಡೆ, ನಲ್ಲಿ ಒಂದು ಕಡೆ. ಯಾವ್ದೂ ಮುಳುಗ್ತಾ ಇಲ್ಲ. ಎಲ್ಲಾ ಮೆಲ್ಲಗೆ ಒಂದೇ ದಿಕ್ಕಿಗೆ ಹೋಗ್ತಾ ಇವೆ."

ಕಿಟಕಿಯ ಕಥೆ ಶುರುವಾದದ್ದು ಇದೇ ಬೀದಿಯಲ್ಲಿ. ಅಹಲ್ಯಾ ಅವರ ಪಕ್ಕದ ಹಳೆಯ ಮನೆಯನ್ನು ಕೆಡವಿ ಎರಡಂತಸ್ತಿನದು ಕಟ್ಟುವವರಿದ್ದರು. ಕಸದ ತೊಟ್ಟಿಗೆ ಹೋಗಲು ಕಾದಿದ್ದ ಸಾಮಾನುಗಳ ನಡುವೆ ಮರದ ಚೌಕಟ್ಟಿನ ಒಂದು ಅಗಲವಾದ ಕಿಟಕಿ, ಗಾಜು ಒಡೆಯದೆ, ಬೆಳಗಿನ ಬಿಸಿಲನ್ನು ಹಿಡಿದುಕೊಂಡು ನಿಂತಿತ್ತು. ಲಿಗಾಯಾ ಮುಂದಿನ ಮನೆಗೆ ಹೋಗಬೇಕಾದದ್ದನ್ನೂ ಮರೆತು ನೋಡುತ್ತಾ ನಿಂತುಬಿಟ್ಟರು. ಅಹಲ್ಯಾ ಅವರ ಅಳಿಯ ಗೋಪೀನಾಥ ಅದನ್ನು ಕಂಡು ಹೊರಗೆ ಬಂದರು.

"ಆಂಟಿ, ಇದು ನಿಮ್ಮ ಬಾಕ್ಸ್‌ಗೆ ಹಿಡಿಸಲ್ಲ. ಇದಕ್ಕೆ ಹಡಗನ್ನೇ ಬುಕ್ ಮಾಡ್ಬೇಕು," ಎಂದು ರೇಗಿಸಿದರೂ, ಪಕ್ಕದವರನ್ನು ಕೇಳಿದವರು ಅವರೇ. ವಾರಾಂತ್ಯ ಪೂರ್ತಿ ಗ್ಯಾರೇಜಿನಲ್ಲಿ ಕೂತು ಹಳೆಯ ಬಣ್ಣ ಕೆರೆದು, ಹಲಗೆ ಹೊಡೆದು, ಕಂಬಳಿ ಸುತ್ತಿ ಕಟ್ಟಿಕೊಟ್ಟವರೂ ಅವರೇ. ಕಿಟಕಿ ಸಮುದ್ರ ದಾಟಿತು. ಊರು ಮುಟ್ಟಿ, ಅಂಗಳದ ತೆಂಗಿನ ಮರಕ್ಕೆ ಒರಗಿ ನಿಂತಿತು. ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಅದರ ನೆರಳಲ್ಲಿ ಕೋಳಿಗಳು ಮಲಗತೊಡಗಿದವು.

ಯಾಕೆಂದರೆ ಅದನ್ನು ಯಾವ ಗೋಡೆಗೆ ಕೂರಿಸಬೇಕು ಎಂಬುದರಲ್ಲಿ ಅಕ್ಕತಂಗಿಯರಿಗೆ ಒಮ್ಮತವಿಲ್ಲ.

ಲಿಗಾಯಾ ಅವರಿಗೆ ಅದು ಸಮುದ್ರದ ಕಡೆಗೇ ಬೇಕು. ಹಾಸಿಗೆಯಲ್ಲಿ ಮಲಗಿದ್ದಂತೆಯೇ ನೀರು ಕಾಣಬೇಕು. ಎಷ್ಟೋ ವರ್ಷಗಳಿಂದ ಅವರು ಕಣ್ಣು ಬಿಡುವುದು ಪಕ್ಕದ ಮನೆಯ ಇಟ್ಟಿಗೆ ಗೋಡೆಗೆ. ಆತೆ ಪೂರಿಂಗ್ ಮಾತ್ರ ಸುತರಾಂ ಒಪ್ಪುವುದಿಲ್ಲ. ಮೀನುಗಾರರ ಮನೆ ಸಮುದ್ರಕ್ಕೆ ಬೆನ್ನು ಹಾಕಿ ಕೂರಬೇಕು, ಅಪ್ಪನ ಮನೆ ಹಾಗೇ ಇತ್ತು ಎಂಬುದು ಅವರ ವಾದ. ಅಷ್ಟಾದರೂ ಒಂದು ಮಧ್ಯಾಹ್ನದ ಬಿರುಗಾಳಿಗೆ ನೀರು ಮನೆಯೊಳಗೆ ನುಗ್ಗಿತ್ತು. ಆಗ ಪೂರಿಂಗ್ ದೊಡ್ಡ ಹುಡುಗಿ, ತಂಗಿಯನ್ನು ಹೆಗಲ ಮೇಲೆ ಹೊತ್ತು ಮೇಜಿನ ಮೇಲೆ ನಿಂತಿದ್ದರು. ಅವರಿಗೆ ಆ ನೀರು ನೆನಪಿದೆ. ಹೆಗಲ ಮೇಲಿದ್ದ ಲಿಗಾಯಾ ಅವರಿಗೆ ನೆನಪಿರುವುದು ಮಾರನೆಯ ದಿನ ಏನೂ ಆಗೇ ಇಲ್ಲವೆಂಬಂತೆ ಮಿರಮಿರ ಮಿಂಚುತ್ತಿದ್ದ ಕಡಲು. ಒಂದೇ ಸಮುದ್ರ, ಇಬ್ಬರ ಪಾಲಿಗೆ ಎರಡಾಯಿತು.

ಭಾನುವಾರದ ವಿಡಿಯೊ ಕರೆಯಲ್ಲಿ ಆತೆ ಪೂರಿಂಗ್ ಅವರ ಮಾತಿಗೆ ಮೆಲ್ಬರ್ನಿನ ಚಳಿಗಾಳಿಯಂಥದ್ದೇ ಮೊನಚು. "ಸಮುದ್ರ ನೋಡ್ಬೇಕು ಅಂದ್ರೆ ಎದ್ದು ಹೋಗಿ ನೋಡು. ಅದೇನು ಟಿವಿನಾ, ಮಲ್ಕೊಂಡು ನೋಡೋಕೆ?"

ಅಹಲ್ಯಾ ಕೂಡ ಅಕ್ಕನ ಪಕ್ಷವೇ. "ನಮ್ಮಲ್ಲಿಯೂ ಅಷ್ಟೆ. ಕಡಲನ್ನು ಕೂತ್ಕೊಂಡು ನೋಡುದು ಪೇಟೆಯವರು. ಊರಿನವರು ಅದಕ್ಕೆ ಬೆನ್ನು ಕೊಡುದು. ನಿನ್ನ ಅಕ್ಕ ಬುದ್ಧಿವಂತೆ."

"ಅಜ್ಜಿ, ಟೀ ಬೇಕಾ ಬೇಡ್ವಾ?" ಎಂದು ಲಿಗಾಯಾ ಹೆದರಿಸುತ್ತಾರೆ.

"ಟೀ ಬೇಕು. ಹಾಗಂತ ಸುಳ್ಳು ಹೇಳ್ಲಿಕ್ಕಾಗ್ತದಾ?"

ಊರಿನಲ್ಲಿ ಮನೆ ಕಟ್ಟುತ್ತಿರುವ ಮೇಸ್ತ್ರಿ ಇಸ್ಕೊ ಎರಡು ಬಾರಿ ಎಚ್ಚರಿಸಿಯಾಗಿದೆ. ಜೂನ್ ಹೊತ್ತಿಗೆ ಮಳೆಗಾಳಿ ತಿರುಗುತ್ತದೆ, ಅಷ್ಟರೊಳಗೆ ಗಾರೆ ಆಗಿಬಿಡಬೇಕು. ಕಿಟಕಿಗೆ ಜಾಗ ಹೇಳದಿದ್ದರೆ ಎರಡೂ ಗೋಡೆಗಳನ್ನು ಹಾಗೇ ಮುಚ್ಚಿಬಿಡುತ್ತಾನೆ. ಈ ನಡುವೆ ಮೆಲ್ಬರ್ನಿನಿಂದ ಇನ್ನೊಂದು ಸುದ್ದಿಯೂ ಬಂದಿದೆ. ಆತೆ ಪೂರಿಂಗ್ ಅವರ ಮಗಳಿಗೆ ಎರಡನೆಯ ಮಗುವಾಗಲಿದೆ. ಮೊಮ್ಮಕ್ಕಳನ್ನು ಬಿಟ್ಟು ಆತೆ ಊರಿಗೆ ಪೂರ್ತಿಯಾಗಿ ಹೋಗಿ ನೆಲೆಸುವವರಲ್ಲ. ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ, ಅಷ್ಟೇ. ಈ ವಿಷಯ ಹೇಳುವಾಗ ಅವರ ದನಿಯಲ್ಲಿ ಮೊನಚಿರಲಿಲ್ಲವಂತೆ. ಎರಡು ಕೋಣೆಗಳ ಮನೆಯಲ್ಲಿ ಒಂದು ಕೋಣೆ ಕಾಯುತ್ತಾ ಇರುತ್ತದೆ ಎಂದು ಲಿಗಾಯಾ ಅವರಿಗೆ ಅವತ್ತೇ ತಿಳಿಯಿತು.

ಲಿಗಾಯಾ ಅವರ ಮನಸ್ಸು ತಿರುಗಿದ್ದು ಒಂದು ಕುರ್ಚಿಯಿಂದ.

ಆಸ್ಪತ್ರೆಯಿಂದ ಬಂದ ಮೇಲೆ ಅಹಲ್ಯಾ ಅವರಿಗೆ ಮನೆಯವರು ಇರುವುದರಲ್ಲೇ ಒಳ್ಳೆಯ ಕೋಣೆ ಕೊಟ್ಟಿದ್ದರು. ದೊಡ್ಡ ಗಾಜಿನ ಬಾಗಿಲು, ಆಚೆ ಜಕರಂಡಾ ಮರ. ಹೂ ಬಿಟ್ಟಾಗ ಬೀದಿಯವರೆಲ್ಲ ಬಂದು ಫೋಟೊ ತೆಗೆದುಕೊಂಡು ಹೋಗುವ ಮರ. ಅಜ್ಜಿಯ ಕುರ್ಚಿಯನ್ನು ಅದರ ಕಡೆಗೇ ತಿರುಗಿಸಿ ಇಡಲಾಗಿತ್ತು. ಆದರೆ ದಿನ ಕಳೆದಂತೆ ಅಜ್ಜಿಗೆ ಕುತ್ತಿಗೆ ನೋವು. ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಾ ಲಿಗಾಯಾ ಒಂದು ಬೆಳಗ್ಗೆ ಗಮನಿಸುತ್ತಾರೆ. ಅಜ್ಜಿ ಮರದ ಕಡೆ ನೋಡುತ್ತಲೇ ಇಲ್ಲ. ಕುತ್ತಿಗೆ ಹೊರಳಿಸಿ, ಬೆನ್ನ ಹಿಂದಿನ ಪಡಸಾಲೆಯ ತುದಿಯಲ್ಲಿ ಒಂದಿಷ್ಟೇ ಕಾಣುವ ಮುಂಬಾಗಿಲನ್ನು ನೋಡುತ್ತಿದ್ದಾರೆ.

"ಅಜ್ಜಿ, ಮರ ಚಂದ ಇಲ್ವಾ?"

"ಚಂದ ಉಂಟು. ಅದು ಎಲ್ಲಿಗೆ ಹೋಗ್ತದೆ ಮಾರಾಯ್ತಿ? ನಾಳೆಯೂ ಅಲ್ಲೇ ಇರ್ತದೆ." ಅಜ್ಜಿ ಮತ್ತೆ ಬಾಗಿಲ ಕಡೆ ಹೊರಳುತ್ತಾರೆ. "ಬರುವವರು ಕಾಣ್ಬೇಕು."

ಎಣ್ಣೆಗೈ ಹಾಗೇ ನಿಂತುಬಿಡುತ್ತದೆ. ಲಿಗಾಯಾ ಅವರಿಗೆ ತಾವು ನೋಡಿಕೊಂಡ ಹಿರಿಯರೆಲ್ಲ ಒಬ್ಬೊಬ್ಬರಾಗಿ, ಕನಸಿನಲ್ಲಿ ಬರುವವರಂತೆ ಸದ್ದಿಲ್ಲದೆ ಕಣ್ಣ ಮುಂದೆ ಬರುತ್ತಾರೆ. ಅಂಚೆ ಡಬ್ಬಿಯ ಪಕ್ಕದಲ್ಲೇ ಕುರ್ಚಿ ಬೇಕೆಂದು ಹಟ ಹಿಡಿಯುತ್ತಿದ್ದ ಇಟಲಿಯ ಮುದುಕ. ಲಿಫ್ಟಿನ ಸದ್ದಾದಾಗಲೆಲ್ಲ ತಲೆಗೂದಲು ನೇವರಿಸಿಕೊಳ್ಳುತ್ತಿದ್ದ ಮುದುಕಿ. "ಇಷ್ಟು ವರ್ಷ ಅವರ ಕುರ್ಚಿ ತಿರುಗಿಸ್ತಾ ಬಂದಿದ್ದೀನಿ," ಎನ್ನುತ್ತಾರೆ. "ಒಬ್ರೂ ನೋಟ ಕೇಳಿರ್ಲಿಲ್ಲ. ಬಾಗಿಲು ಕೇಳಿದ್ರು."

ಅದೇ ದಿನ ಅವರು ಗೋಪೀನಾಥರ ಬಳಿ ಹೋಗಿ, ಅಜ್ಜಿಯನ್ನು ಬೀದಿ ಕಡೆಯ ಕೋಣೆಗೆ ಬದಲಾಯಿಸಲು ಕೇಳುತ್ತಾರೆ. ಅದು ಗೋಪೀನಾಥರು ಮನೆಯಿಂದಲೇ ಆಫೀಸು ಕೆಲಸ ಮಾಡುವ ಪುಟ್ಟ ಕೋಣೆ.

"ಆಂಟಿ, ಅಲ್ಲಿ ಏನಿದೆ? ಬರೀ ರೋಡ್ ಕಾಣುತ್ತೆ."

"ಅದೇ ಬೇಕು."

ಈಗ ಗೋಪೀನಾಥರ ಮೀಟಿಂಗುಗಳೆಲ್ಲ ಜಕರಂಡಾ ಮರದ ಮುಂದೆ ನಡೆಯುತ್ತವೆ. ಅಜ್ಜಿ ಮುಂದಿನ ಕೋಣೆಯಲ್ಲಿ ಕೂತು ಕಸದ ಲಾರಿ, ನಾಯಿ ತಿರುಗಿಸುವವರು, ಸ್ಟೇಷನ್ ಕಡೆಯಿಂದ ನಡೆದು ಬರುವ ಮೊಮ್ಮಗಳು ಗಗನಾ, ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಾರೆ. "ಅಜ್ಜಿ, ಯು ಆರ್ ವರ್ಸ್ ದ್ಯಾನ್ ಸಿಸಿಟಿವಿ," ಎಂದು ಗಗನಾ ಗೊಣಗುತ್ತಾಳೆ. ಗೇಟಿನಲ್ಲೇ ಕೈ ಬೀಸುವುದನ್ನು ಮಾತ್ರ ಮರೆಯುವುದಿಲ್ಲ. ಕುತ್ತಿಗೆ ನೋವಿನ ಮಾತು ಮತ್ತೆ ಬಂದಿಲ್ಲ.

ಮುಂದಿನ ಭಾನುವಾರ ಮೂರು ಊರುಗಳು ಒಂದೇ ಪರದೆಯ ಮೇಲೆ ಕೂಡುತ್ತವೆ. ಸಿಡ್ನಿಯಲ್ಲಿ ತಂಗಿ, ಮೆಲ್ಬರ್ನಿನಲ್ಲಿ ಅಕ್ಕ, ಬಟಾಂಗಾಸ್‌ನ ಬಿಸಿಲಿನಲ್ಲಿ ಹಣೆಗೆ ಕೈ ಹಿಡಿದ ಇಸ್ಕೊ. ಕಿಟಕಿಯನ್ನು ರಸ್ತೆ ಕಡೆಯ ಗೋಡೆಗೆ ಕೂರಿಸು, ಬಸ್ಸು ನಿಲ್ಲುವ ಜಾಗ ಕಾಣುವ ಹಾಗೆ ಇರಲಿ ಎಂದು ಲಿಗಾಯಾ ಹೇಳುತ್ತಾರೆ.

"ಸಮುದ್ರ ಬೇಡ್ವಾ ನಿಂಗೆ?" ಆತೆ ಪೂರಿಂಗ್ ಕೇಳುತ್ತಾರೆ.

"ಅದು ಎಲ್ಲೂ ಹೋಗಲ್ಲ, ಆತೆ. ನೀನು ಬಸ್ಸಿಳಿಯೋದು ಕಾಣ್ಬೇಕು."

ಅಕ್ಕ ಎಂದಿನ ಗದರುವ ದನಿಯಲ್ಲಿ ಮೇಸ್ತ್ರಿಯನ್ನೇ ಕರೆಯುತ್ತಾರೆ. "ಇಸ್ಕೊ, ಸಮುದ್ರದ ಕಡೆ ಗೋಡೆಗೂ ಒಂದು ತೂತು ಬಿಡು. ಊಟದ ತಟ್ಟೆಯಷ್ಟು, ಜಾಸ್ತಿ ಬೇಡ. ಇವಳ ಮುಖ ಹಿಡಿಸಿದ್ರೆ ಸಾಕು. ಅದಕ್ಕೊಂದು ಗಟ್ಟಿ ಬಾಗಿಲೂ ಇಡು, ಗಾಳಿ ಬಂದ್ರೆ ಮುಚ್ಚೋಕೆ."

ಇಸ್ಕೊ ಕಳಿಸಿದ ಫೋಟೊ ಈಗ ಲಿಗಾಯಾ ಅವರ ಫೋನಿನಲ್ಲಿದೆ. ಕ್ವೇಕರ್ಸ್ ಹಿಲ್‌ನ ಕಿಟಕಿ ಹಸಿ ಗಾರೆಯ ನಡುವೆ ಕೂತಿದೆ, ಗಾಜಿನಲ್ಲಿ ತೆಂಗಿನ ಗರಿ ಮೂಡಿದೆ. ಕೋಳಿಗಳು ಬೇರೆ ನೆರಳು ಹುಡುಕಿಕೊಂಡಿವೆ.

ಬೆಳಗಾಗಿದೆ. ಲಿಗಾಯಾ ಕೈ ಬೆಚ್ಚಗೆ ಮಾಡಿಕೊಂಡು, ಬೀದಿ ಕಡೆಯ ಕೋಣೆಯ ಪರದೆ ಸರಿಸಿ, ಅಜ್ಜಿಗೆ ಫೋಟೊ ತೋರಿಸುತ್ತಾರೆ. ಅಜ್ಜಿ ಕನ್ನಡಕ ಏರಿಸಿ, ರಸ್ತೆ ಎಲ್ಲಿ, ಬಸ್ಸು ಎಲ್ಲಿ, ತಟ್ಟೆಯಷ್ಟು ತೂತು ಎಲ್ಲಿ ಎಂದು ಬೆರಳಿಟ್ಟು ಕೇಳಿ ತಿಳಿದುಕೊಳ್ಳುತ್ತಾರೆ. ಗೇಟು ದಾಟಿ ಹೋಗದೆ ಅವರಿಗೆ ತಿಂಗಳುಗಳೇ ಆಗಿವೆ.

"ಒಳ್ಳೇದಾಯ್ತು. ನಾನು ಬಂದ್ರೆ ಕೂತ್ಕೊಳ್ಳಿಕ್ಕೆ ಒಂದು ಕುರ್ಚಿ ಇಟ್ಟಿರು."

"ಇಟ್ಟಿದ್ದೀನಿ ಅಜ್ಜಿ," ಎನ್ನುತ್ತಾರೆ ಲಿಗಾಯಾ, ಅಜ್ಜಿಯ ಬೆನ್ನ ಹಿಂದೆ ಕೈ ಕೊಡುತ್ತಾ. "ಈಗಾಗ್ಲೇ ಬಾಕ್ಸ್‌ನಲ್ಲಿದೆ."