ಬೆಂಕಿಗಿಟ್ಟ ಸ್ಪ್ರಿಂಗು

ಟೈರಿನಂಗಡಿಗೂ ಬಣ್ಣದಂಗಡಿಗೂ ನಡುವೆ ಒತ್ತಿಕೊಂಡಂತಿರುವ ಆ ಗ್ಯಾರೇಜಿಗೆ ಬಂದವರು ಮೊದಲು ಮಾತನಾಡಿಸುವುದು ಮೆಕ್ಯಾನಿಕನನ್ನಲ್ಲ, ಅವನ ಅಕ್ಕನನ್ನು. ಅವಳಿಗೆ ಅರವತ್ತಮೂರು. ಸ್ಪ್ಯಾನರ್ ಹಿಡಿದು ಒಂದು ನಟ್ಟು ಬಿಚ್ಚಿದವಳಲ್ಲ. ಆದರೆ ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತು ಹತ್ತೊಂಬತ್ತು ವರ್ಷ ಕಾರುಗಳ ನರಳಾಟ ಕೇಳಿದ್ದಾಳೆ. ರಸ್ತೆಯ ತಿರುವಿನಲ್ಲಿ ಗಾಡಿ ಕಾಣಿಸುವ ಮೊದಲೇ, ಇದರ ಸೈಲೆನ್ಸರ್ ಜೋಡಣೆಯಲ್ಲಿ ಹೊಗೆ ಸೋರುತ್ತಿದೆ ಎಂದುಬಿಡುವಳು. ತಮ್ಮ ಹೋಗಿ ಬಗ್ಗಿ ನೋಡಿದರೆ ಹಾಗೇ ಇರುತ್ತಿತ್ತು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಕಿವಿಯಕ್ಕ.

ಕಾರು ತಗ್ಗಿಸಬೇಕು, ಸದ್ದು ಜೋರು ಮಾಡಿಸಬೇಕು ಎಂದು ಬರುವ ಹೊಸಬರಿಗೆ ಅವಳು ಹೇಳುವ ಮಾತು ಆ ಬೀದಿಗೆಲ್ಲ ಬಾಯಿಪಾಠ. ಮೊದಲು ಟೈರು, ಬ್ರೇಕು ಸರಿಯಿರಬೇಕು, ಆಮೇಲೆ ಎತ್ತರದ ಮಾತು, ಕಟ್ಟಕಡೆಗೆ ಸದ್ದು. ಸ್ಪ್ರಿಂಗು ಗಿಡ್ಡ ಹಾಕಿದರೆ ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರನ್ನೂ ಹಾಕಬೇಕು, ಇಲ್ಲದಿದ್ದರೆ ಗಂಡೊಂದು ಕಡೆ ಹೆಣ್ಣೊಂದು ಕಡೆ ಎಳೆದ ಸಂಸಾರದಂತೆ. ತಗ್ಗಿಸಿದ ಮೇಲೆ ಚಕ್ರಗಳ ನೇರ ನೋಡಿಸದೆ ಮನೆಗೆ ಹೋಗಬಾರದು. ಇಷ್ಟನ್ನೂ ತಾಳ್ಮೆಯಿಂದ, ಕೇಳಿದ್ದನ್ನೇ ಮತ್ತೆ ಕೇಳಿದರೂ ಬೇಸರಿಸದೆ ಹೇಳುವಳು. ಒಂದು ಮಾತಿಗೆ ಮಾತ್ರ ಅವಳ ದನಿ ಗಡಸಾಗುತ್ತಿತ್ತು: ಸ್ಪ್ರಿಂಗನ್ನು ಕೊಯ್ಯಬಾರದು, ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಕೂರಿಸಲೇಬಾರದು. ಯಾಕೆ ಎಂದು ಯಾರಾದರೂ ಕೇಳಿದರೆ, ಕಾಯಿಸಿದ ಸ್ಪ್ರಿಂಗು ಸತ್ತ ಸ್ಪ್ರಿಂಗು ಎಂದಷ್ಟೇ ಹೇಳಿ ಬೇರೆ ಮಾತು ತೆಗೆಯುವಳು.

ಆ ದಿನ ಬೆಳಿಗ್ಗೆ ಅವಳ ಮಗಳೂ ಅಳಿಯನೂ ನಾಲ್ಕು ಗಂಟೆ ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಬಂದರು. ಆರು ತಿಂಗಳ ಹಿಂದೆ ಕೊಂಡ ಹಳೇ ಕಾರು. ಅದನ್ನು ಅಕ್ಕ, ತಮ್ಮ ಇಬ್ಬರೂ ಇನ್ನೂ ಕಂಡಿರಲಿಲ್ಲ. ಮಗಳು ದಿನವೂ ಆಸ್ಪತ್ರೆಯ ಕೆಲಸಕ್ಕೆ ಅದರಲ್ಲೇ ಹೋಗಿಬರುತ್ತಿದ್ದಳು. ಅಳಿಯನಿಗೆ ಅದರ ಮೇಲೆ ಹೊಸ ಹೆಂಡತಿಯ ಮೇಲಿನ ಪ್ರೀತಿ. ಗಾಡಿ ಮೊದಲೇ ತಗ್ಗಿಸಿದ್ದು, ಆ ಖರ್ಚು ಉಳಿಯಿತು, ಇನ್ನು ದಪ್ಪ ಪೈಪಿನ ಸೈಲೆನ್ಸರ್ ಒಂದಾದರೆ ಸಾಕು ಎಂದು ಇಳಿದವನೇ ಶುರುಮಾಡಿದ.

"ಎಷ್ಟು ದಪ್ಪ ಹಾಕಿಸ್ಲಿ ಅತ್ತೆ?" ಎಂದ.

"ಪೈಪ್ ದಪ್ಪ ಮಾಡಿದ್ರೆ ಎಂಜಿನ್ ದೊಡ್ಡದಾಗಲ್ಲಪ್ಪ," ಎಂದಳು ಅತ್ತೆ. "ಮೂಗಿಗಿಂತ ಮೂಗುತಿ ಭಾರ ಆಗುತ್ತೆ. ಸದ್ದು ಬರುತ್ತೆ, ಏರು ಹತ್ತೋವಾಗ ಎಳೆತ ಇರಲ್ಲ."

ಮಗಳು ನಕ್ಕು, ಅಮ್ಮ ನನಗೂ ಇಷ್ಟು ಬುದ್ಧಿ ಹೇಳಿರಲಿಲ್ಲ, ಅಳಿಯ ಅಂದ್ರೆ ಅಳಿಯನೇ ಎಂದು ಚುಚ್ಚಿದಳು. ಅಮ್ಮ ನಗಲಿಲ್ಲ. ಗಾಡಿ ರಸ್ತೆಯಿಂದ ಗ್ಯಾರೇಜಿನ ಹೊಸ್ತಿಲು ಹತ್ತುವಾಗ ಹಿಂದೆ ಎಡಗಡೆಯಿಂದ ಒಂದು ಸದ್ದು ಬಂದಿತ್ತು. ಒಣ ಕಡ್ಡಿ ಮುರಿದಂಥ ಸಣ್ಣ ಸದ್ದು. ಪೈಪು ಆಮೇಲೆ ನೋಡು, ಮೊದಲು ಹಿಂದಿನ ಎಡಗಡೆ ನೋಡು ಎಂದು ತಮ್ಮನಿಗೆ ಹೇಳಿದಳು.

ತಮ್ಮ ಗಾಡಿಯನ್ನು ಲಿಫ್ಟಿನ ಮೇಲೆ ಏರಿಸಿ, ಚಕ್ರ ತೆಗೆದು, ಕೆಳಗೆ ನಿಂತು ದೀಪ ಹಿಡಿದ. ಆಮೇಲೆ ಏನನ್ನೋ ಗೊಣಗುತ್ತಾ ಸ್ಪ್ರಿಂಗನ್ನು ಬಿಚ್ಚತೊಡಗಿದ. ಕೆಳಗಿನ ಎರಡು ಸುತ್ತು ಒಂದರ ಮೇಲೊಂದು ಕೂತುಬಿಟ್ಟಿದ್ದವು. ಕಬ್ಬಿಣ ಕಬ್ಬಿಣಕ್ಕೆ ತಾಗಿ ಕಟಕಟ ಎನ್ನದಿರಲೆಂದು ಯಾರೋ ಆ ಸುತ್ತಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ತಾಮ್ರದ ತಂತಿಯಿಂದ ಬಿಗಿದಿದ್ದರು. ಟ್ಯೂಬು ಒಣಗಿ ತೊಗಟೆಯಂತಾಗಿತ್ತು. ಅವನು ತಂತಿ ಕತ್ತರಿಸಿ, ತೊಗಟೆ ಸುಲಿದು, ಸ್ಪ್ರಿಂಗನ್ನು ಬೆಂಚಿನ ಮೇಲಿಡಲು ಹೋದ. ಅದು ಕೈಜಾರಿ ಸಿಮೆಂಟಿನ ನೆಲಕ್ಕೆ ಬಿತ್ತು.

ಬಿದ್ದದ್ದೇ ಎರಡು ತುಂಡಾಯಿತು.

ನಾಲ್ವರೂ ಅದನ್ನೇ ನೋಡುತ್ತ ನಿಂತರು. ಬೆರಳಿಗಿಂತ ದಪ್ಪದ ಉಕ್ಕು. ಮುರಿದ ಬಾಯಿಯಲ್ಲಿ ಮುಕ್ಕಾಲು ಪಾಲು ಹಳೇ ತುಕ್ಕು, ಕಾಲು ಪಾಲು ಮಾತ್ರ ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅಂದರೆ ಇಷ್ಟು ದಿನ ಗಾಡಿ ನಿಂತಿದ್ದುದು, ಮಗಳು ಹೆದ್ದಾರಿಯಲ್ಲಿ ಲಾರಿಗಳ ಪಕ್ಕ ಹೋಗಿಬಂದದ್ದು, ಆ ಕಾಲು ಪಾಲಿನ ಮೇಲೆ. ಮಗಳು ಅಲ್ಲಿದ್ದ ಟೈರಿನ ಮೇಲೆ ಮೆಲ್ಲಗೆ ಕೂತಳು.

"ಯಾವನೋ ಕಟುಕ ಬೆಂಕಿ ಹಿಡಿದು ಕೂರಿಸಿದ್ದಾನೆ," ಎಂದ ತಮ್ಮ. "ಇಂಥವನ ಕೈ ಕಡೀಬೇಕು."

ಅಳಿಯನ ಮುಖ ಕಪ್ಪಿಟ್ಟಿತು. ಮಾರಿದವನು ನಗುನಗುತ್ತ ಕೊಟ್ಟನಲ್ಲ, ಅವನನ್ನು ಸುಮ್ಮನೆ ಬಿಡುವುದಿಲ್ಲ, ಪೊಲೀಸರಿಗೆ ಕೊಡುತ್ತೇನೆ ಎನ್ನುತ್ತ ಫೋನು ತೆಗೆದು ಹೊರಗೆ ಹೋದ.

ಅಕ್ಕ ನೆಲದಿಂದ ತುಂಡುಗಳನ್ನು ಎತ್ತಲು ಬಗ್ಗಿದಳು. ಕೈಗೆ ಮೊದಲು ಸಿಕ್ಕಿದ್ದು ತಾಮ್ರದ ತಂತಿ. ಬೆಳಕಿಗೆ ಹಿಡಿದು ನೋಡಿದಳು.

ತಂತಿಯನ್ನು ಎಡಕ್ಕೆ ತಿರುಚಿದ್ದರು. ಎಲ್ಲರೂ ಬಲಕ್ಕೆ ತಿರುಚುತ್ತಾರೆ, ಎಡಗೈಯವಳಾದ ಅವಳು ಮಾತ್ರ ಎಡಕ್ಕೆ. ಎಡಗೈಯವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ತಂತಿಯ ತುದಿಯನ್ನು ಚಿಕ್ಕ ಕಣ್ಣಿನಂತೆ ಒಳಕ್ಕೆ ಸುತ್ತಿದ್ದರು. ಗ್ಯಾರೇಜು ಶುರುವಾದ ಮೊದಲ ತಿಂಗಳಲ್ಲೇ ತಂತಿಯ ತುದಿ ಚುಚ್ಚಿ ಅವಳ ಹೆಬ್ಬೆರಳು ಕೀವಾಗಿತ್ತು. ಅಂದಿನಿಂದ ತುದಿ ಹಾಗೆ ಸುತ್ತುವುದು ಅವಳ ರೂಢಿ. ತಾನು ಹೆತ್ತ ಮಗುವಿನ ಮಚ್ಚೆಯನ್ನು ತಾಯಿ ಗುರುತಿಸದೆ ಇರುತ್ತಾಳೆಯೇ? ಲಿಫ್ಟಿನ ಕಂಬ ಹಿಡಿದುಕೊಂಡು ನಿಂತಳು.

ಆ ಬೇಸಿಗೆ ಕಣ್ಣೆದುರು ಬಂತು. ಗಂಡ ತೀರಿಕೊಂಡು, ಒಂಬತ್ತು ವರ್ಷದ ಮಗಳನ್ನು ಕಟ್ಟಿಕೊಂಡು ಅವಳು ತಮ್ಮನ ಹೊಸ ಗ್ಯಾರೇಜಿಗೆ ಬಂದು ಸೇರಿದ ವರ್ಷ. ತಗ್ಗಿನ ಕಾರಿನ ಹುಚ್ಚು ಹೊಸದಾಗಿ ಹಬ್ಬಿತ್ತು. ಗಿಡ್ಡ ಸ್ಪ್ರಿಂಗು ತರಿಸಲು ತಿಂಗಳು ಹಿಡಿಯುತ್ತಿತ್ತು. ಗ್ಯಾಸಿನ ಬೆಂಕಿಯಾದರೆ ಅರ್ಧ ಗಂಟೆಯ ಕೆಲಸ: ಕೆಂಪಗೆ ಕಾಯಿಸಿದರೆ ಗಾಡಿ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಕೂರುತ್ತಿತ್ತು. ನೋಡಲು ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ಟ್ಯೂಬು ಸುತ್ತುವುದು, ತಂತಿ ಬಿಗಿಯುವುದು ಅಕ್ಕನ ಪಾಲು. ಒಂದು ದಿನ ಲಾರಿಗಳ ಸ್ಪ್ರಿಂಗ್ ಪಟ್ಟಿ ಬಡಿಯುವ ಮುದುಕನೊಬ್ಬ ಒಳಗೆ ಹಣಿಕಿ, ನೋಡಿ, ಕೆಂಡಾಮಂಡಲವಾದ. ಉಕ್ಕಿನ ಜೀವ ತೆಗೆದು ಮಕ್ಕಳನ್ನು ಅದರ ಮೇಲೆ ಕೂರಿಸುತ್ತೀರಾ ಎಂದು ಬೈದುಹೋದ. ತಮ್ಮ ಅಂದೇ ಬೆಂಕಿ ಆರಿಸಿದ, ಮತ್ತೆ ಹಚ್ಚಲಿಲ್ಲ. ಆದರೆ ಆಗಲೇ ಹೊರಟುಹೋಗಿದ್ದ ಗಾಡಿಗಳನ್ನು ವಾಪಸು ಕರೆಯಲೂ ಇಲ್ಲ. ಅದರ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮುದುಕನ ಮಾತನ್ನು ಮಾತ್ರ ಬಂದ ಹೊಸಬರಿಗೆಲ್ಲ ತನ್ನದೇ ಎಂಬಂತೆ ಹೇಳುತ್ತ ಬಂದಳು.

ಹೊರಗೆ ಅಳಿಯ ಫೋನಿನಲ್ಲಿ ಯಾರನ್ನೋ ಬಾಯಿಗೆ ಬಂದಂತೆ ಬೈಯುತ್ತಿದ್ದ. ಪಾಪ, ಮಾರಿದವನಿಗೆ ಏನು ಗೊತ್ತು? ಸುಮ್ಮನಿದ್ದರೆ ಮುಗಿಯಿತು. ಹೊಸ ಸ್ಪ್ರಿಂಗು ಹಾಕಿ, ಮಗಳನ್ನು ಕಳಿಸಿಕೊಟ್ಟರೆ ಒಂದು ನರಪಿಳ್ಳೆಗೂ ತಿಳಿಯುವುದಿಲ್ಲ. ಗ್ಯಾರೇಜಿನ ಹೆಸರು ಉಳಿಯುತ್ತದೆ, ತಮ್ಮನ ಮಾನ ಉಳಿಯುತ್ತದೆ. ಅವಳು ಮೇಜಿನ ತನಕ ಹೋದಳು, ಕೂತಳು, ಕೂರಲಾಗದೆ ಎದ್ದಳು. ಗೋಡೆಯ ಮೊಳೆಗೆ ನೇತುಹಾಕಿದ್ದ ಸುರುಳಿಯಿಂದ ಒಂದು ಗೇಣು ತಂತಿ ಕತ್ತರಿಸಿ, ಹತ್ತಿರದ ಪೈಪಿಗೆ ಬಿಗಿದು, ತುದಿ ಸುತ್ತಿ, ಬಿಡಿಸಿ ತಂದಳು. ತಮ್ಮನ ಅಂಗೈಯಲ್ಲಿ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟಳು.

ಅವನು ನೋಡಿದ. ಈಗಷ್ಟೇ ಕಡಿಯಬೇಕು ಎಂದಿದ್ದ ಕೈ ತನ್ನದೇ ಎಂದು ತಿಳಿಯಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಅಕ್ಕಾ, ಅಳಿಯ ಬರ್ತಿದ್ದಾನೆ. ಈಗ ಬೇಡ," ಎಂದು ಪಿಸುಗುಟ್ಟಿದ.

"ಈಗಲ್ದೆ ಇನ್ಯಾವಾಗೋ? ಇನ್ನೊಬ್ರ ಮಗಳು ಸತ್ಮೇಲಾ?"

ಅಳಿಯ ಒಳಗೆ ಬಂದಾಗ ಅವಳೇ ಹೇಳಿದಳು. ಫೋನು ಇಡು, ಅವನದೇನೂ ತಪ್ಪಿಲ್ಲ, ಇದು ಇಲ್ಲೇ, ಇದೇ ಲಿಫ್ಟಿನ ಕೆಳಗೆ ಆದದ್ದು, ಕಾಯಿಸಿದ್ದು ನನ್ನ ತಮ್ಮ, ಕಟ್ಟಿದ್ದು ನಾನು ಎಂದಳು. ಅಳಿಯ ಅವಳ ತಮ್ಮನ ಮುಖ ನೋಡಿದ, ಅತ್ತೆಯ ಮುಖ ನೋಡಿದ. ಇದೂ ಒಂದು ತಮಾಷೆಯಿರಬೇಕು ಎಂದು ನಗಲು ಹೋದವನು ನಡುವೆಯೇ ನಿಲ್ಲಿಸಿದ. ಕೈಯಲ್ಲಿದ್ದ ಫೋನಿನಿಂದ ಮಾರಿದವನ ಸಣ್ಣ ದನಿ ಇನ್ನೂ ಹಲೋ ಹಲೋ ಎನ್ನುತ್ತಿತ್ತು.

ಟೈರಿನ ಮೇಲೆ ಕೂತಿದ್ದ ಮಗಳು ಆಗ ಬಾಯಿಬಿಟ್ಟಳು.

"ಇಂಥವು ಎಷ್ಟು ಗಾಡಿ ಅಮ್ಮಾ?"

ಯಾರೂ ಬರೆದಿಟ್ಟಿರಲಿಲ್ಲ. ತಮ್ಮ ಐದಾರು ಇರಬಹುದು ಎಂದ. ಅಕ್ಕ ತಲೆ ಅಲ್ಲಾಡಿಸಿದಳು. ಅವಳ ನೆನಪು ಕೈಯಲ್ಲಿತ್ತು. ಆ ಬೇಸಿಗೆಯಲ್ಲಿ ಕತ್ತರಿಸಿದ್ದು ಮೂರು ಟ್ಯೂಬು. ಒಂದೊಂದಕ್ಕೆ ಎಂಟು ತುಂಡು. ಗಾಡಿಗೆ ಎರಡು. ಹನ್ನೆರಡು ಗಾಡಿ ಎಂದಳು. ಒಂದು ಇಲ್ಲಿದೆ. ಇನ್ನು ಹನ್ನೊಂದು ಎಲ್ಲಿ ಓಡುತ್ತಿವೆಯೋ, ಯಾರ ಮಕ್ಕಳನ್ನು ಹೊತ್ತುಕೊಂಡು.

ಆ ವಾರ ಗ್ಯಾರೇಜಿನಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ. ಬಾಗಿಲಿಗೆ ಹಲಗೆ ಬಂತು. ಹತ್ತೊಂಬತ್ತು ವರ್ಷದ ಹಿಂದೆ ನಮ್ಮಲ್ಲಿ ತಗ್ಗಿಸಿದ ಗಾಡಿ ಇದ್ದರೆ ತನ್ನಿ, ತಪ್ಪು ನಮ್ಮದು, ಸ್ಪ್ರಿಂಗು ನಾವೇ ಹಾಕಿಕೊಡುತ್ತೇವೆ ಎಂದು ಅಳಿಯ ದಪ್ಪಕ್ಷರದಲ್ಲಿ ಬರೆದ. ತಪ್ಪು ನಮ್ಮದು ಎನ್ನುವ ಸಾಲು ಬೇಡ ಎಂದು ತಮ್ಮ ಎರಡು ಸಲ ಹೇಳಿದ, ಮೂರನೇ ಸಲ ಹೇಳಲಿಲ್ಲ. ಬಣ್ಣದಂಗಡಿಯವನು ಬಂದು ಓದಿ, ವ್ಯಾಪಾರಕ್ಕೆ ನೀವೇ ಕೊಳ್ಳಿ ಇಟ್ಟುಕೊಂಡಿರಿ ಎಂದು ಹೋದ. ಅದು ನಿಜವೂ ಆಯಿತು. ಕೆಲಸಕ್ಕೆ ಒಪ್ಪಿಸಿದ್ದ ಇಬ್ಬರು ಗಾಡಿ ವಾಪಸು ಒಯ್ದರು. ಅಕ್ಕ ನೆನಪಾದವರಿಗೆಲ್ಲ ಮಗಳ ಕೈಯಲ್ಲಿ ಫೋನು ಮಾಡಿಸಿದಳು. ಐದು ಗಾಡಿ ಗುಜರಿಗೆ ಹೋಗಿದ್ದವು. ಎರಡು ಬಂದವು, ಒಂದರಲ್ಲಿ ಕೂದಲೆಳೆಯಷ್ಟು ಬಿರುಕು. ಉಳಿದ ನಾಲ್ಕು ಕೈಯಿಂದ ಕೈಗೆ ಮಾರಿಹೋಗಿ, ಯಾರ ಬಳಿ ಇವೆ ಎಂದು ಹೇಳುವವರೇ ಇರಲಿಲ್ಲ.

ಹೊಸ ಸ್ಪ್ರಿಂಗು ಹಾಕಿಸಿಕೊಂಡು ಮಗಳು, ಅಳಿಯ ಹೊರಟರು. ಸೈಲೆನ್ಸರಿನ ಮಾತು ಯಾರಿಗೂ ನೆನಪಾಗಲಿಲ್ಲ.

ಈಗ ಅಕ್ಕನ ಕುರ್ಚಿ ಮೇಜಿನ ಹಿಂದೆ ಇಲ್ಲ, ರಸ್ತೆಯ ಅಂಚಿನಲ್ಲಿದೆ. ನೆಲಕ್ಕೆ ಅಂಟಿಕೊಂಡಂತೆ ಬರುವ ಹಳೇ ಗಾಡಿ ಕಂಡರೆ ಎದ್ದು ನಡುರಸ್ತೆಗೆ ಹೋಗಿ ಎರಡೂ ಕೈ ಚಾಚಿ ನಿಲ್ಲುತ್ತಾಳೆ. ಮುದುಕಿಗೆ ತಲೆ ಕೆಟ್ಟಿದೆ ಎಂದು ಟೈರಿನಂಗಡಿಯವರು ಮಾತಾಡಿಕೊಳ್ಳುತ್ತಾರೆ. ಮೊನ್ನೆ ಹಾಗೆ ನಿಲ್ಲಿಸಿದ ಕಾರಿನವನು ಹಾರ್ನ್ ಒತ್ತಿ ಒತ್ತಿ ಸಾಕಾಗಿ ತಲೆ ಹೊರಗೆ ಹಾಕಿದ.

"ಸಾಯೋಕೆ ನನ್ ಗಾಡಿನೇ ಬೇಕಿತ್ತೇನಜ್ಜಿ?"

"ಬೈಕೋ ಮಗಾ, ಎಷ್ಟು ಬೇಕಾದ್ರೂ ಬೈಕೋ," ಎಂದಳು ಅವಳು, ಮೊಣಕಾಲಿಗೆ ಕೈಕೊಟ್ಟು ಹಿಂದಿನ ಚಕ್ರದ ಬಳಿ ಬಗ್ಗುತ್ತ. "ಮೊದ್ಲು ಎಂಜಿನ್ ಆಫ್ ಮಾಡು."