ಕೆಳಗೆ ಕೂಸು, ಮೇಲೆ ಡ್ರಮ್ಸ್

ನಾನು ಡ್ರಮ್ಸ್ ಬಾರಿಸುತ್ತಿದ್ದಾಗ ಕಾಲಡಿಯ ನೆಲ ತಿರುಗಿ ಬಡಿಯಿತು. ದಾವಣಗೆರೆಗೆ ಬಂದ ಮೊದಲ ಭಾನುವಾರದ ಮಧ್ಯಾಹ್ನ ಅದು. ಕೈ ನಿಲ್ಲಿಸಿದೆ. ಮತ್ತೆ ಬಡಿಯಿತು. ಸರಸ್ವತಿ ನಗರದ ಆ ಬಾಡಿಗೆ ಮನೆಯ ಮೆಟ್ಟಿಲಿಳಿದು ಹೋದರೆ, ಮನೆಯೊಡತಿ ಶಾಂತಮ್ಮ ಜೇಡರ ಬಲೆ ತೆಗೆಯುವ ಉದ್ದನೆಯ ಕೋಲನ್ನು ಚಾವಣಿಗೆ ಗುರಿಯಿಟ್ಟು ನಿಂತಿದ್ದರು.

"ಮ್ಯಾಲೆ ಏನ್ ಕುಟ್ಟಾಕತ್ತೀರ್ರಿ?"

"ಡ್ರಮ್ಸ್ ಅಮ್ಮ. ಅಭ್ಯಾಸ ಮಾಡ್ತಿದ್ದೆ."

"ಒಳಗೆ ನನ್ನ ಮಗಳು ಬಾಣಂತಿ ಅದಾಳೆ. ಕೂಸು ಬೆಚ್ಚಿ ಬೆಚ್ಚಿ ಬೀಳ್ತೈತೆ. ಹಿಂಗೇ ಸಪ್ಪಳ ಮಾಡೋದಾದ್ರೆ ಬ್ಯಾರೆ ಮನೆ ನೋಡ್ಕಳ್ರಿ."

ಸಪ್ಪಳ ಎಂದರೆ ನಮ್ಮ ಮಂಡ್ಯ ಕಡೆಯ ಸದ್ದು. ಮನೆ ಬಿಡಿ ಎನ್ನುವಾಗಲೂ ಇಲ್ಲಿನವರು ಕೊನೆಯ 'ರಿ' ಬಿಡುವುದಿಲ್ಲ. ನಮ್ಮಲ್ಲಾದರೆ ಇಷ್ಟು ಸಿಟ್ಟಿಗೆ ಏಕವಚನಕ್ಕಿಳಿದು, ಸಂಜೆ ಅದೇ ಏಕವಚನದಲ್ಲಿ ಊಟಕ್ಕೂ ಕರೆಯುತ್ತಿದ್ದರು. ಇಲ್ಲಿಯ ಮರ್ಯಾದೆಯ ಮಾತಿನೊಳಗೆ ಸಿಟ್ಟು ಎಷ್ಟಿದೆ ಎಂದು ಅಳೆಯುವುದು ನನಗೆ ಬೇಗ ಬರಲಿಲ್ಲ.

ಊರಿನಲ್ಲಿ ನಾನು ಅಭ್ಯಾಸ ಮಾಡುತ್ತಿದ್ದದ್ದು ಅಪ್ಪನ ಆಲೆಮನೆಯಲ್ಲಿ. ಬೆಲ್ಲದ ಕೆಲಸ ಇಲ್ಲದ ದಿನಗಳಲ್ಲಿ ಅದು ಖಾಲಿ, ಸುತ್ತಲೂ ಕಬ್ಬು. ಎಷ್ಟು ಜೋರಾಗಿ ಬಾರಿಸಿದರೂ ಕೇಳುವವರಿರಲಿಲ್ಲ. ಸೋದರಮಾವನ ಆರ್ಕೆಸ್ಟ್ರಾದಲ್ಲಿ ಹದಿನಾರನೆಯ ವಯಸ್ಸಿನಿಂದ ಡ್ರಮ್ಸ್ ನನ್ನದೇ. ಮದುವೆಯಾದ ಮೇಲೆ ಗಂಡ ಮಹದೇವನಿಗೆ ಹರಿಹರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ನನಗೆ ದಾವಣಗೆರೆಯ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ. ಸಾಮಾನಿನ ಲಾರಿಯಲ್ಲಿ ಪಾತ್ರೆಗಿಂತ ಮೊದಲು ಡ್ರಮ್ಸ್ ಏರಿತು.

ಹೊಸ ಊರು ನನ್ನನ್ನು ಕೆಟ್ಟದಾಗಿ ನೋಡಿಕೊಳ್ಳಲಿಲ್ಲ. ಲ್ಯಾಬಿನವರು ಸಂಜೆ ಮಂಡಕ್ಕಿ ತರಿಸುತ್ತಿದ್ದರು. ನಾವು ಪುರಿ ಅನ್ನುವುದೇ ಇಲ್ಲಿ ಮಂಡಕ್ಕಿ. ಒಗ್ಗರಣೆ ಹಾಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ ಇಟ್ಟು ಊಟದ ಹಾಗೆ ಕೂತು ತಿನ್ನುತ್ತಾರೆ. ತಿನ್ನುವಾಗ ಮಾತು, ನಗು. ಮನೆಗೆ ಬಂದರೆ ಮಹದೇವನದು ಎರಡನೇ ಪಾಳಿ. ಮುಸುಕು ಹಾಕಿದ ಡ್ರಮ್ಸ್ ಮತ್ತು ನಾನು. ಆ ಹೊತ್ತಿಗೆ ಯಾರಿಗೆ ಫೋನ್ ಮಾಡಿದರೂ ಅವರೆಲ್ಲ ಯಾವುದೋ ಕೆಲಸದ ನಡುವೆ ಇರುತ್ತಿದ್ದರು.

ಹರಿಹರದಲ್ಲಿ ಒಂದು ಆರ್ಕೆಸ್ಟ್ರಾ ಇತ್ತು. ನಡೆಸುತ್ತಿದ್ದವರು ನಾಗರಾಜ್. ಹೋಗಿ ಕೇಳಿದೆ. "ನಮ್ಮ ಡ್ರಮ್ಮರ್ ದೀಪಾವಳಿಗೆ ಬಿಡ್ತಾನ್ರಿ. ಅಷ್ಟೊತ್ತಿಗೆ ಬಂದು ಕೈ ತೋರ್ಸ್ರಿ" ಎಂದರು. ಅಭ್ಯಾಸ ತಪ್ಪಿದರೆ ಕೈ ಹೋಗುತ್ತದೆ. ಅಭ್ಯಾಸ ಮಾಡಿದರೆ ಮನೆ ಹೋಗುತ್ತದೆ.

ಡ್ರಮ್ಮುಗಳ ಮೇಲೆ ರಬ್ಬರ್ ಹಾಳೆ ಕತ್ತರಿಸಿ ಹಾಕಿದೆ. ಗೋಡೆಗೆ, ಬಾಗಿಲಿಗೆ ಕೌದಿ ಇಳಿಬಿಟ್ಟೆ. ಹಳೇ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿದ ಇಲ್ಲಿಯ ಹೊದಿಕೆ ಅದು. ಕೋಣೆಯಲ್ಲಿ ನನಗೇ ಸರಿಯಾಗಿ ಕೇಳಿಸದಷ್ಟು ಮೆತ್ತಗಾಯಿತು. ಧೈರ್ಯವಾಗಿ ಬಾರಿಸಿದೆ. ಸ್ವಲ್ಪ ಹೊತ್ತಿಗೆ ಶಾಂತಮ್ಮನ ಮಗಳು ಸುಧಾ ಫೋನ್ ಮಾಡಿದಳು.

"ಅಕ್ಕಾ, ಡ್ರಮ್ಸ್ ಕೋಲಿನ ಸಪ್ಪಳ ಕೇಳಲ್ಲ. ಆದ್ರೆ ಧಮ್ ಧಮ್ ಅಂತ ಎದೆಗೆ ಗುದ್ದಿದಂಗೆ ಆಗತೈತೆ."

ಅದು ಕಾಲಿನ ಪೆಡಲ್ಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿನದು. ಅದರ ಪೆಟ್ಟು ಗಾಳಿಯಲ್ಲಿ ಹೋಗುವುದಕ್ಕಿಂತ ಹೆಚ್ಚಾಗಿ ನೆಲದ ಕಾಂಕ್ರೀಟಿನಲ್ಲಿ ಇಳಿದು ಹೋಗುತ್ತದೆ. ಮಣ್ಣು ನೆಲದ ಆಲೆಮನೆಯಲ್ಲಿ ಬೆಳೆದ ನನಗೆ ಇದು ಗೊತ್ತಿರಲಿಲ್ಲ.

ಮಂಡ್ಯದ ಹಳೆಯ ಸಂಗಡಿಗನೊಬ್ಬ ಉಪಾಯ ಹೇಳಿದ. ಎರಡು ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನು ಕೂರಿಸಿ, ಅದರ ಮೇಲೆ ಡ್ರಮ್ಸ್ ಇಡಬೇಕು. ಬಡಗಿಯಿಂದ ಹಲಗೆಗೆ ಚೆಂಡು ಕೂರುವಷ್ಟು ಗುಂಡಿ ಕೊರೆಸಿದೆವು. ಮಹದೇವ ರಜೆಯ ದಿನ ಇಡೀ ಕೂತು ಜೋಡಿಸಿದ. ಕೆಳಗೆ ಸುಧಾ ಕೂಸಿನ ಪಕ್ಕ ಮಲಗಿ ಫೋನ್ ಕಿವಿಗಿಟ್ಟುಕೊಂಡಳು.

"ಈಗ ಹೊಡೀರಿ ಅಕ್ಕಾ."

"ಹೊಡೆದೆ."

"ಇನ್ನೊಂದ್ ಸಲ."

"ಆಗ್ಲಿಂದ ಹೊಡೀತಾನೇ ಇದ್ದೀನಲ್ಲ ಸುಧಾ."

"ಹಂಗಾರೆ ಕೇಳವಲ್ದು. ನೀವು ಸುಳ್ಳು ಹೇಳ್ತಿಲ್ಲಲ್ಲ?"

ಆನೆಕೊಂಡದ ತಮ್ಮ ಹೊಲದಿಂದ ಬಂದ ಶಾಂತಮ್ಮ ನಂಬಲಿಲ್ಲ. ಮಗಳನ್ನು ಎಬ್ಬಿಸಿ ತಾವೇ ಮಲಗಿ ಕೇಳಿದರು, ಆಮೇಲೆ ಮೇಲೆ ಬಂದು ನನ್ನ ಕಾಲನ್ನೇ ನೋಡುತ್ತ ಕೂತರು. "ಎಷ್ಟ್ ಕಷ್ಟಪಟ್ಟು ಸುಮ್ಮನೆ ಕುಂದ್ರತೀರಲ್ರಿ" ಎಂದರು. ಕೂಸು ಎದ್ದಿರುವ ಸಂಜೆಯ ಹೊತ್ತು ನನ್ನ ಹೊತ್ತು ಎಂದು ನಿಗದಿಯಾಯಿತು. ಬೇರೆ ಮನೆಯ ಮಾತು ಮತ್ತೆ ಬರಲಿಲ್ಲ.

ದೀಪಾವಳಿ ಮುಗಿದ ಮೇಲೆ ಹರಿಹರಕ್ಕೆ ಹೋದೆ. ಅಭ್ಯಾಸದ ಕೋಣೆಯಲ್ಲಿ ರಬ್ಬರ್ ಇಲ್ಲದ, ಕೌದಿ ಇಲ್ಲದ ಡ್ರಮ್ಸ್. ಬಾರಿಸಿದೆ. ತಾಳ ಎಲ್ಲೂ ತಪ್ಪಲಿಲ್ಲ. ಆದರೂ ನಾಗರಾಜ್ ಹಾಡು ನಿಲ್ಲಿಸಿದರು.

"ಮೇಡಂ, ಜೋರಾಗಿ ಬಾರಿಸ್ರಿ. ಇಲ್ಲಿ ಯಾರೂ ಮಲಗಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈ ಮಾತ್ರ ಏಳಲಿಲ್ಲ. ಸದ್ದು ಮಾಡದಿರುವುದನ್ನು ಅದು ಅಷ್ಟು ಚೆನ್ನಾಗಿ ಕಲಿತಿತ್ತು. ಮೂರನೆಯ ಹಾಡಿನ ಹೊತ್ತಿಗೆ ಹೇಗೋ ತೆರೆದುಕೊಂಡಿತು. "ಮೆತ್ತಗಿನ ಹಾಡಿಗೆ ಮೊದಲಿನಂಗೇ ಇರ್ಲಿ, ಅದು ಚಲೋ ಐತೆ" ಎಂದು ನಾಗರಾಜ್ ನನ್ನನ್ನು ಸೇರಿಸಿಕೊಂಡರು.

ಮೊನ್ನೆ ಮಾವ ಕರೆದರು, ಮಂಡ್ಯದಲ್ಲಿ ದೊಡ್ಡ ಕಾರ್ಯಕ್ರಮ. ಅದೇ ದಿನ ಹರಿಹರದಲ್ಲಿ ಒಂದು ಆರತಕ್ಷತೆಗೆ ಒಪ್ಪಿಕೊಂಡಿದ್ದೇನೆ ಎಂದೆ. "ನೀನಿಲ್ದೆ ನಡಿಯಕ್ಕಿಲ್ಲ ಅಂತೇನಿಲ್ಲ ಕಣವ್ವ, ಬಂದ್ರೆ ಚೆಂದ ಅಂದೆ" ಎಂದು ಫೋನಿಟ್ಟರು. ನಾನು ಹರಿಹರದಲ್ಲೇ ಬಾರಿಸಿದೆ.

ವಾಪಸು ಬರುವ ಬಸ್ಸಿನಲ್ಲಿ, ಮಂಡ್ಯದ ಸಂಗಡಿಗ ಕಳಿಸಿದ ಅಲ್ಲಿಯ ಕಾರ್ಯಕ್ರಮದ ರೆಕಾರ್ಡಿಂಗನ್ನು ಕಿವಿಗೆ ಹಚ್ಚಿಕೊಂಡು ಕೇಳಿದೆ. ನನ್ನ ಜಾಗದಲ್ಲಿ ಬಾರಿಸಿದವನು ಚೆನ್ನಾಗಿಯೇ ಬಾರಿಸಿದ್ದ. ಆದರೆ ಪಲ್ಲವಿ ತಿರುಗುವಲ್ಲಿ ನಾನು ಎಡಗೈಯಿಂದ ಹಾಕುತ್ತಿದ್ದ ಒಂದು ಪೆಟ್ಟು ಅವನಿಗೆ ಗೊತ್ತಿರಲಿಲ್ಲ. ಆ ಜಾಗ ಖಾಲಿ ಬರುತ್ತಿತ್ತು. ಪ್ರತಿ ಸಲವೂ ನನ್ನ ಬೆರಳು ಮುಂದಿನ ಸೀಟಿನ ಕಂಬಿಯ ಮೇಲೆ ಅದನ್ನು ಬಡಿಯುತ್ತಿತ್ತು. ಪಕ್ಕದಲ್ಲಿ ಉಕ್ಕಡಗಾತ್ರಿಯ ಗುಡಿಗೆ ಹೋಗಿ ಬರುತ್ತಿದ್ದ ಹೆಂಗಸು ತಿರುಗಿ ನೋಡಿದಾಗ ಕೈ ಹಿಂದಕ್ಕೆ ತೆಗೆದುಕೊಂಡೆ.

"ಯಾವೂರ್ರಿ ನಿಮ್ದು?" ಎಂದರು.

"ಮಂಡ್ಯ ಕಡೆ. ಇರೋದು ದಾವಣಗೆರೆ."

"ಯಾಕ ನಿಲ್ಸಿದ್ರಿ? ಬಾರಿಸ್ರಿ" ಎಂದು, ಕಂಬಿಗೆ ತೂಗು ಹಾಕಿದ್ದ ತಮ್ಮ ಚೀಲವನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.