ಮರೆವ್ವನ ಎಡಗೈ

ನಮ್ಮ ಕುಲಗೋಡದಲ್ಲಿ ಮರೆವ್ವ ಮಟನ್ ಕುದಿಯಲು ಇಟ್ಟರೆ ಹಾದಿಯಲ್ಲಿ ಹೋಗುವವರು ಸುಮ್ಮನೆ ಹೋಗುತ್ತಿರಲಿಲ್ಲ, ಯಾರ ಮನೆಯಲ್ಲಿ ಏನು ವಿಶೇಷ ಎಂದು ಕೇಳಿಯೇ ಮುಂದೆ ನಡೆಯುತ್ತಿದ್ದರು. ನಾನು ಲಿಂಗ ಕಟ್ಟಿಕೊಂಡ ಮನೆಯವಳು, ಅದರ ರುಚಿ ನನಗೆ ಗೊತ್ತಿಲ್ಲ. ಆದರೆ ಅವಳ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಒಣಕೊಬ್ಬರಿ ಹುರಿಯುವ ವಾಸನೆ ಬಂತೆಂದರೆ ಇವತ್ತು ಭಾನುವಾರ ಎಂದು ನನಗೆ ತಿಳಿಯುತ್ತಿತ್ತು.

ಸುತ್ತಲಿನ ಯಾವ ಊರಲ್ಲಿ ಕಂದೂರಿ ಇದ್ದರೂ, ಅಂದರೆ ದರ್ಗಾಕ್ಕೆ ಹರಕೆ ಹೊತ್ತವರು ಕುರಿ ಕೊಯ್ದು ಮಂದಿಗೆ ಊಟ ಹಾಕುವುದಿದ್ದರೂ, ಒಲೆಯ ಮುಂದೆ ಮರೆವ್ವನೇ ಇರಬೇಕು. ಅವಳಿಗೆ ಅಳತೆ ಎಂಬುದಿರಲಿಲ್ಲ. ಸೌಟಿನಿಂದ ಒಂದೆರಡು ಹನಿ ಎಡ ಅಂಗೈಗೆ ಬಿಟ್ಟುಕೊಂಡು, ನೆಕ್ಕಿ, ಕಣ್ಣು ಮುಚ್ಚುವಳು. ಕಣ್ಣು ತೆರೆಯುವಷ್ಟರಲ್ಲಿ ಉಪ್ಪು ಬೇಕೋ, ಉರಿ ತೆಗೆಯಬೇಕೋ, ಎಲ್ಲ ತೀರ್ಮಾನ ಆಗಿರುತ್ತಿತ್ತು. ಆ ಅಂಗೈಗೆ ಅರಿಶಿನದ ಬಣ್ಣ ಹತ್ತಿಬಿಟ್ಟಿತ್ತು, ತೊಳೆದರೂ ಹೋಗುತ್ತಿರಲಿಲ್ಲ.

ಅವಳ ಗಂಡ ಸತ್ತೆಪ್ಪ ವರ್ಷವರ್ಷವೂ ಪಂಢರಪುರಕ್ಕೆ ನಡೆದು ಹೋಗುವ ಮನುಷ್ಯ. ಕೊರಳಲ್ಲಿ ತುಳಸಿ ಮಾಲೆ. ಮಾಲೆ ಹಾಕಿದವರು ಮಾಂಸ, ಮೊಟ್ಟೆ ಮುಟ್ಟಬಾರದು. ಹಾಗಾಗಿ ಅವರ ಮನೆಯಲ್ಲಿ ಒಲೆ ಎರಡು, ಪಾತ್ರೆ ಬೇರೆ ಬೇರೆ, ತಿಕ್ಕುವ ನಾರೂ ಬೇರೆ.

"ನೀನೂ ಒಂದ್ ಮಾಲಿ ಹಾಕ್ಕೊಂಡ್ರ ಪಾತ್ರಿ ತಿಕ್ಕೂದು ಅರ್ಧಾ ಆಗತೈತಿ ನೋಡ" ಎನ್ನುತ್ತಿದ್ದ ಸತ್ತೆಪ್ಪ.

"ಮುಂದಿನ ವರ್ಷ ನೋಡೂಣು ತಗೋರಿ. ಈ ವರ್ಷ ಕೋಳಿ ಭಾಳ ಚಲೋ ಬೆಳದಾವು" ಎನ್ನುತ್ತಿದ್ದಳು ಇವಳು.

ಇದೇ ಮಾತು ಪ್ರತಿ ಆಷಾಢಕ್ಕೂ ಗೋಡೆಯಾಚೆ ಕೇಳುತ್ತಿತ್ತು. ಹೋದ ವರ್ಷ ಆಷಾಢ ಬರುವ ಮೊದಲೇ ಸತ್ತೆಪ್ಪ ತೀರಿಕೊಂಡ. ಕಾರ್ತಿಕದಲ್ಲಿ ಮರೆವ್ವ ಊರಿನವರ ಜೊತೆ ಪಂಢರಪುರಕ್ಕೆ ಹೋಗಿ ಕೊರಳಿಗೆ ಮಾಲೆ ಹಾಕಿಸಿಕೊಂಡು ಬಂದಳು. ಯಾಕವ್ವ ಎಂದು ಕೇಳಿದೆ.

"ಇದ್ದಾಗ ಮುಂದಿನ ವರ್ಷ ಅನಕೋತ ಬಂದೆ. ಈಗ ಯಾರಿಗಿ ಅನ್ಲಿ?" ಅಂದಳು.

ಹಾಕಿಸಿಕೊಂಡದ್ದೇನೋ ಆಯಿತು, ಆಮೇಲೆ ಅವಳಿಗೆ ಕುಂತಲ್ಲಿ ಕೂಡಲಾಗಲಿಲ್ಲ. ಒಂದು ರೊಟ್ಟಿ ಬಡಿದು ಎದ್ದು ಹೊರಗೆ ಬರುವಳು, ಓಣಿಯ ತುದಿಯವರೆಗೆ ಹೋಗಿ ತಿರುಗಿ ಬರುವಳು. ಭಾನುವಾರ ಬಂದರೆ ಬಸ್ ನಿಲ್ದಾಣದ ಕಟ್ಟೆಗೆ ಹೋಗಿ ಕೂಡುವಳು, ಯಾಕೆಂದರೆ ಅಲ್ಲಿ ಡೀಸೆಲ್ ವಾಸನೆ ಬಿಟ್ಟರೆ ಬೇರೆ ವಾಸನೆ ಇಲ್ಲ. ಒಂದು ಭಾನುವಾರ ಹುಕ್ಕೇರಿಯಲ್ಲಿರುವ ಮಗಳು ಲಕ್ಷ್ಮಿಯ ಮನೆಗೆ ಹೋದಳು. ಅಲ್ಲಿ ಮೊಮ್ಮಕ್ಕಳಿಗೆ ಮೊಟ್ಟೆ ಹುರಿಯುತ್ತಿದ್ದರಂತೆ. ಚಹ ಕುಡಿದವಳೇ ಮುಂದಿನ ಬಸ್ಸಿಗೆ ಮರಳಿ ಬಂದಳು.

ನಾನು ಬದನೆಕಾಯಿ ಎಣಗಾಯಿ ಕೊಟ್ಟೆ, ಗುರೆಳ್ಳು ಚಟ್ನಿಗೆ ಮೊಸರು ಹಾಕಿ ಕೊಟ್ಟೆ. ಎಲ್ಲ ತಿಂದು, ಬೆರಳು ನೆಕ್ಕಿ, ಮತ್ತೆ ಬಾಗಿಲ ಕಡೆ ನೋಡಿದಳು.

"ಹೊಟ್ಟಿ ತುಂಬತು ಅಕ್ಕವ್ವ, ಬಾಯಿ ಖಾಲಿನ ಐತಿ."

"ಮನಸ ಗಟ್ಟಿ ಮಾಡ್ಕೋ."

"ಹುಟ್ಟಿದಾಗಿಂದ ತಿನ್ನದಾಕಿ ನೀನು. ಬಿಡೂದಂದ್ರ ಏನಂತ ನಿನಗೇನ ಗೊತ್ತೈತಿ."

ಆ ಮಾತು ನನಗೆ ಚುಚ್ಚಿತು, ಆದರೆ ಖರೆ ಇತ್ತು. ನನ್ನದು ಬಿಟ್ಟದ್ದಲ್ಲ, ಇಲ್ಲದ್ದು.

ಇಂಥ ಹೊತ್ತಿಗೆ ಮೂಡಲಗಿಯಿಂದ ರಶೀದಾಬಿ ಬಂದಳು. ಮೊದಲು ನಮ್ಮ ಓಣಿಯಲ್ಲೇ ಇದ್ದವಳು, ಮರೆವ್ವನ ಗೆಳತಿ. ಮೊಮ್ಮಗ ರಮೀಜನಿಗೆ ಜ್ವರ ನೆತ್ತಿಗೇರಿದಾಗ ಕಂದೂರಿ ಮಾಡುತ್ತೇನೆಂದು ಹರಕೆ ಹೊತ್ತಿದ್ದಳು. ಅಡಿಗೆ ನನ್ನದು ಎಂದು ಮರೆವ್ವ ಅವತ್ತೇ ದರ್ಗಾದ ಮುಂದೆ ನಿಂತು ಮಾತು ಕೊಟ್ಟಿದ್ದಳು. ಈಗ ಕರೆಯಲು ಬಂದ ರಶೀದಾಬಿಯ ಕಣ್ಣು ಗೆಳತಿಯ ಕೊರಳಿನ ಮಾಲೆಯ ಮೇಲೆ ಬಿತ್ತು.

"ನೀ ಬರಬ್ಯಾಡ ಬಿಡು. ಬ್ಯಾರೆಯವ್ರನ್ನ ಹಚ್ಚತೇನಿ."

"ಬ್ಯಾರೆಯವ್ರನ್ನ ಹಚ್ಚಾಕ ನಾ ಏನ್ ಸತ್ತೇನೇನು?" ಅಂದಳು ಮರೆವ್ವ. ರಶೀದಾಬಿ ಹೋದ ಮೇಲೆ ಅವಳ ಮುಖ ಇಳಿಯಿತು.

ಭಜನೆ ಹೇಳಿಕೊಡುವ ದುಂಡಪ್ಪನನ್ನು ಕೇಳಲು ಇಬ್ಬರೂ ಹೋದೆವು. "ಮಾಡಾಕ ಅಡ್ಡಿಲ್ಲ, ನಾಲಿಗಿಗೆ ಮುಟ್ಟಬಾರ್ದು. ಮುಟ್ಟಿದ್ರ ಮಾಲಿ ಹೊಳಿಗೆ ಬಿಟ್ಟಬಿಡಬೇಕು. ಮತ್ತ ಹಾಕ್ಕೋಬೇಕಂದ್ರ ಪಂಢರಪುರಕ್ಕನ ಹೋಗಬೇಕು" ಅಂದ. ಬರುವಾಗ ದಾರಿಯುದ್ದಕ್ಕೂ ಮರೆವ್ವ ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಡೆದಳು.

ಕಂದೂರಿಯ ದಿನ ನಾನೂ ಜೊತೆಗೆ ಮೂಡಲಗಿಗೆ ಹೋದೆ. ನಮ್ಮಂಥವರಿಗೆ ಬೇರೆ ಒಲೆಯಲ್ಲಿ ಬೇಳೆ, ರೊಟ್ಟಿ ಇರುತ್ತದೆ, ಅದನ್ನು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ದರ್ಗಾದ ಹಿಂದಿನ ಹುಣಸೆ ಮರದ ಕೆಳಗೆ ಮರೆವ್ವ ದೊಡ್ಡ ಡಬರಿಯ ಮುಂದೆ ನಿಂತಳು. ಉಳ್ಳಾಗಡ್ಡಿ ಹುರಿದಳು, ಮಸಾಲೆ ಹಾಕಿದಳು, ಮುಚ್ಚಳ ತೆಗೆದು ಉಗಿ ನೋಡಿದಳು. ಎಲ್ಲ ಸರಿಯಾಗಿಯೇ ನಡೆದಿತ್ತು. ಉಪ್ಪು ಹಾಕಿ ಕಲಸಿದಳು, ಸೌಟು ಎತ್ತಿದಳು, ಎಡಗೈ ತಾನಾಗಿಯೇ ಮುಂದೆ ಬಂತು. ಹನಿ ಬಿತ್ತು. ಅಂಗೈ ಬಾಯಿಯ ಹತ್ತಿರ ಹೋಯಿತು.

ನಾನು ಕೂಗುವ ಮೊದಲೇ ರಶೀದಾಬಿ ಅವಳ ಮುಂಗೈ ಹಿಡಿದಳು. ಹಿಡಿದವಳೇ ಆ ಅಂಗೈ ತಾನೇ ನೆಕ್ಕಿದಳು.

"ಬರೋಬ್ಬರಿ ಐತಿ ಮರೆವ್ವಕ್ಕ. ಇಳಸು."

ಮರೆವ್ವ ಇಳಿಸಿದಳು. ರಶೀದಾಬಿಗೆ ಬಿಪಿ ಎಂದು ಡಾಕ್ಟರು ಉಪ್ಪು ಬಿಡಿಸಿ ವರ್ಷಗಳೇ ಆಗಿವೆ, ಅವಳ ನಾಲಿಗೆಗೆ ಚಿಟಿಕೆ ಉಪ್ಪೂ ಹೆಚ್ಚು ಎಂಬುದು ಆ ಗಡಿಬಿಡಿಯಲ್ಲಿ ನಮಗೆ ಯಾರಿಗೂ ನೆನಪಾಗಲಿಲ್ಲ.

ಮೊದಲ ಪಂಕ್ತಿ ಕೂತಿತು. ಒಬ್ಬರು ಉಪ್ಪು ಕೇಳಿದರು, ಬಾಜೂದವರೂ ಕೇಳಿದರು. ರಶೀದಾಬಿಯ ಮಗ ಗಫಾರ ಉಪ್ಪಿನ ತಟ್ಟೆ ಹಿಡಿದು ಪಂಕ್ತಿಯಲ್ಲಿ ನಡೆದ. ಮರೆವ್ವ ಮಾಡಿದ ಅಡಿಗೆಯ ಪಂಕ್ತಿಯಲ್ಲಿ ಉಪ್ಪಿನ ತಟ್ಟೆ ತಿರುಗಿದ್ದನ್ನು ನಾನು ಅಂದೇ ಕಂಡದ್ದು. ನಮ್ಮೂರ ಹನಮಂತ, ಎಲ್ಲಿ ಕಂದೂರಿ ಇದ್ದರೂ ಮೊದಲು ಕೂಡುವವನು, ಎಲ್ಲರಿಗೂ ಕೇಳುವಂತೆ ಅಂದ:

"ಖಂಡದ ಜೋಡಿ ಉಪ್ಪೂ ಬಿಟ್ಟಿ ಏನ ಮರೆವ್ವ?"

ಜನ ನಕ್ಕರು. ಮರೆವ್ವನ ಕೈ ಮಾಲೆಗೆ ಹೋಯಿತು. ಮಣಿಗಳನ್ನು ಮುಷ್ಟಿಯಲ್ಲಿ ಹಿಡಿದು ನಿಂತುಬಿಟ್ಟಳು. ಹರಿದೇ ಬಿಡುತ್ತಾಳೆ ಅಂದುಕೊಂಡೆ. ಒಂದು ಸಲ ನೆಕ್ಕಿದರೆ ಅವಳ ಹೆಸರು ಉಳಿಯುತ್ತಿತ್ತು, ಪಂಢರಪುರ ಎಲ್ಲಿಗೂ ಓಡಿಹೋಗುವುದಿಲ್ಲ. ಡಬರಿಯ ಸುತ್ತ ಒಮ್ಮೆ ತಿರುಗಿದಳು, ಮತ್ತೊಮ್ಮೆ ತಿರುಗಿದಳು. ಆಮೇಲೆ ಡಬರಿಯನ್ನು ಮತ್ತೆ ಒಲೆಗೆ ಏರಿಸಿ, ಉರಿ ದೊಡ್ಡದು ಮಾಡಿ ಉಪ್ಪು ಹಾಕಿದಳು.

"ಹನಮಂತ, ಏಳು. ನಿನ್ನ ನಾಲಿಗಿ ಭಾಳ ಉದ್ದ ಐತಲ್ಲ, ತಗೊಂಡ ಬಾ ಇಲ್ಲಿ."

ಅವನು ಎಂಜಲು ಕೈ ತೊಳೆದು ಬಂದ. ಅವನ ಎಡ ಅಂಗೈಗೆ ಹನಿ ಬಿಟ್ಟಳು.

"ಇನ್ನೊಂದ್ ಸ್ವಲ್ಪ..." ಅಂದ ಅವನು.

"ಬಾಯಿಂದ ಹೇಳಬ್ಯಾಡ. ಮಾರಿ ಈ ಕಡೆ ತೋರಸು."

ಮುಖ ನೋಡಿ ಉಪ್ಪು ಹಾಕಿದಳು, ಕಲಸಿದಳು, ಮತ್ತೆ ಹನಿ ಬಿಟ್ಟಳು. ಹನಮಂತ ನೆಕ್ಕಿ ಕಣ್ಣು ಮುಚ್ಚಿದ, ಅವಳು ಮುಚ್ಚುತ್ತಿದ್ದ ಹಾಗೆಯೇ. ಅದನ್ನು ನೋಡುತ್ತ ಮರೆವ್ವ ತನ್ನ ಬಾಯಿಯ ಉಗುಳು ನುಂಗಿದಳು.

"ಇಳಸ್ರಿ" ಅಂದಳು.

ಮುಂದಿನ ಪಂಕ್ತಿಯಲ್ಲಿ ಯಾರೂ ಉಪ್ಪು ಕೇಳಲಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಬಾಜೂ ಕೂತು ರೊಟ್ಟಿ, ಬೇಳೆ ತಿಂದಳು. ಇನ್ನಾದರೂ ಮನಸ್ಸು ನಿಂತಿತೇ ಎಂದು ಕೇಳಿದೆ.

"ಎಲ್ಲಿ ನಿಲ್ಲತೈತಿ. ಅವನ ಮಾರಿ ನೋಡಿ ಆಶಾ ಇನ್ನಷ್ಟ ಹೆಚ್ಚಾತು" ಅಂದಳು.

ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತಳು. ಎಷ್ಟು ತೊಳೆದರೂ ಅಂಗೈಯ ವಾಸನೆ ಹೋಗಿರಲಿಲ್ಲ. ಎಡಗೈಯನ್ನು ಹೊರಗೆ ಗಾಳಿಗೆ ಚಾಚಿದಳು.

"ಏ ಅಮ್ಮಾ, ಕೈ ಒಳಗ ತಗೋರಿ" ಅಂದ ಕಂಡಕ್ಟರ್.

"ಒಳಗ ತಗೊಂಡ್ರ ಬಾಯಿಗೆ ಹೋಗತೈತಿ ತಮ್ಮಾ" ಅಂದಳು ಮರೆವ್ವ. ಅವನಿಗೆ ಅರ್ಥವಾಗಲಿಲ್ಲ. ನಾನು ಅವಳ ಕೈ ಒಳಗೆ ಎಳೆದುಕೊಂಡು, ಕುಲಗೋಡ ಬರುವವರೆಗೂ ನನ್ನ ಎರಡೂ ಕೈಯಲ್ಲಿ ಹಿಡಿದು ಕೂತೆ.